ಬೋಟಿನ ಮೇಲಿನ ಆ ನಂಬರ್ ನಮಗೇ ಬರೆದದ್ದು

(1/10)

ಮೊದಲ ಫೋಟೊ ಝೂಮ್ ಮಾಡಿ ನೋಡಿ. ಬೋಟಿನ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಏನೋ ಬರೆದದ್ದು ಕಾಣುತ್ತಾ? "ಪ್ರಯಾಣಿಕರು 20". ಎರಡರ ಬಾಲವನ್ನ ಉಪ್ಪುನೀರು ತಿಂದುಹಾಕಿದೆ, ಸೊನ್ನೆಯ ಮೇಲೆ ಹಳೇ ಟೈರು ನೇತಾಡ್ತಾ ಇದೆ. ಆ ಟೈರು ಒಂದು ಸಲ ಆಚೆ ಸರಿದಾಗ ನಂಗೆ ನಂಬರ್ ಪೂರ್ತಿ ಕಂಡಿದ್ದು.

ಕ್ಲಾಸಿನವರಿಗೆ ಗೊತ್ತು, ಹೋದ ತಿಂಗಳ ಟ್ರಿಪ್ಪಿನ ಬೋಟು ಇದು. ನಾವು ಒಟ್ಟು 31 ಜನ. ನಾನು ಮತ್ತೆ ಇನ್ನಿಬ್ಬರು ಹತ್ತಲಿಲ್ಲ. 28 ಜನ ಹೋದ್ರು, ನಲವತ್ತು ನಿಮಿಷ ಸುತ್ತಿ ಬಂದ್ರು, ಒಳ್ಳೊಳ್ಳೆ ರೀಲ್ಸ್ ಆಯ್ತು. ಅವತ್ತಿಂದ ಗ್ರೂಪಿನಲ್ಲಿ ನನ್ನ ಹೆಸರು "ಸರ್ವೇಯರ್ ಮೇಡಂ". ನನ್ನ ಕೈಗೆ ಟೇಪು ಕೊಟ್ಟು ಸ್ಟಿಕ್ಕರ್ ಬೇರೆ ಮಾಡಿದ್ದೀರಿ. ಚೆನ್ನಾಗಿದೆ, ಸೇವ್ ಮಾಡಿ ಇಟ್ಟುಕೊಂಡಿದ್ದೀನಿ.

ಉತ್ತರ ಗ್ರೂಪಿನಲ್ಲೇ ಬರೀಬಹುದಿತ್ತು. ಆದ್ರೆ ಅಲ್ಲಿ ಮೂರು ಸಾಲು ಬರೆಯೋದರೊಳಗೆ ಯಾರಾದ್ರೂ ಇಂಟರ್ನಲ್ಸ್ ಟೈಮ್‌ಟೇಬಲ್ ಹಾಕ್ತಾರೆ, ಮಾತು ಅಲ್ಲಿಗೆ ಮುಗೀತು. ಅದಕ್ಕೆ ಇಲ್ಲಿ ಬರೀತಿದ್ದೀನಿ. ಒಂದು ಕ್ಯಾಪ್ಶನ್ನಿಗೆ ಹಿಡಿಸಲಿಲ್ಲ, ಹತ್ತು ಭಾಗ ಆಗಿದೆ. ಬೋಟಿನವರ ಹೆಸರು, ಜಾಗದ ಹೆಸರು ನಾನು ಹಾಕಲ್ಲ. ನೀವೂ ಕಮೆಂಟಿನಲ್ಲಿ ಹಾಕಬೇಡಿ. ಯಾಕೆ ಅಂತ ಎಂಟನೇ ಭಾಗದಲ್ಲಿ ಗೊತ್ತಾಗುತ್ತೆ.

(2/10)

ನಿಮ್ಮೆಲ್ಲರ ವಾದ ಒಂದೇ: "ಏನೂ ಆಗ್ಲಿಲ್ವಲ್ಲ?"

2019ರ ಜನವರಿ 21 ನೆನಪಿದೆಯಾ? ನಾವೆಲ್ಲ ಆಗ ಎಂಟನೇ ಕ್ಲಾಸು. ಸಿದ್ಧಗಂಗಾ ಶ್ರೀಗಳು ತೀರಿಕೊಂಡ ದಿನ. ಮರುದಿನ ಶಾಲೆಗೆ ರಜೆ ಅಂತ ಆಗಿತ್ತು, ಟಿವಿಯಲ್ಲಿ ಇಡೀ ದಿನ ತುಮಕೂರು. ಸಂಜೆ ಹೊತ್ತಿಗೆ ಪರದೆಯ ಕೆಳಗೆ ಓಡುವ ಸಾಲಿನಲ್ಲಿ ಕಾರವಾರದ ಹೆಸರು ಬಂತು. ಅಜ್ಜಿಗೆ ಸಣ್ಣಕ್ಷರ ಕಾಣಲ್ಲ. "ಎಂತ ಬಂತೇ ಅದು, ಓದೇ" ಅಂದಳು. ಓದಿದೆ. ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯಿಂದ ವಾಪಸ್ ಬರುತ್ತಿದ್ದ ಬೋಟು ಮಗುಚಿತ್ತು. ಮೂವತ್ತಕ್ಕೂ ಹೆಚ್ಚು ಜನ ಇದ್ದರು. ಕೊನೆಗೆ ಲೆಕ್ಕ ಸಿಕ್ಕಾಗ ತೀರಿಹೋದವರು 16. ಮಕ್ಕಳೂ ಇದ್ದರು. ಹಾವೇರಿ ಜಿಲ್ಲೆಯಿಂದ ಜಾತ್ರೆಗೆ ಅಂತ ಬಂದ ಒಂದೇ ಕುಟುಂಬದ ಹಲವರು ಅದರಲ್ಲಿದ್ದರು. ಲೈಫ್ ಜಾಕೆಟ್ ಅನೇಕರ ಮೈಮೇಲೆ ಇರಲಿಲ್ಲ ಅಂತ ಆಮೇಲೆ ಪೇಪರಿನಲ್ಲಿ ಬಂತು.

ದೂರದ ಊರಿನ ಕಥೆಯಲ್ಲ ಇದು. ಕಾರವಾರ ನಮ್ಮದೇ ಜಿಲ್ಲಾ ಕೇಂದ್ರ. ಆ ಜಾತ್ರೆ ಪ್ರತಿ ವರ್ಷ ನಡೆಯುತ್ತೆ, ದ್ವೀಪಕ್ಕೆ ಹೋಗೋಕೆ ನೀರು ಬಿಟ್ಟು ಬೇರೆ ದಾರಿ ಇಲ್ಲ. 2018ರಲ್ಲಿ ಹೋಗಿಬಂದವರು ದಡ ಮುಟ್ಟಿ ಏನು ಅಂದಿರ್ತಾರೆ? "ಏನೂ ಆಗ್ಲಿಲ್ವಲ್ಲ." 2017ರವರೂ ಅದನ್ನೇ ಅಂದಿರ್ತಾರೆ.

ಸತ್ತವರನ್ನ ದೂರೋಕೆ ಇದನ್ನ ಬರೀತಿಲ್ಲ. ದೂರದಿಂದ ಬಂದವರು, ಸಮುದ್ರದ ಅಂದಾಜಿಲ್ಲದವರು. ಅವರಿಗೆ ಯಾರು ಏನು ಹೇಳಿದ್ರು? ನಾವಾದರೆ ಕಾಮರ್ಸ್ ಓದ್ತಾ ಇರೋರು. ಕೆಪಾಸಿಟಿ, ಲಯಬಿಲಿಟಿ, ರಿಸ್ಕ್ ಅಂತ ದಿನಾ ಬರೀತೀವಿ. ನಾನು ಜಗಳಕ್ಕೆ ನಿಂತಿರೋದು ನಮ್ಮ ಜೊತೆಗೇ.

(3/10)

ನಮ್ಮ ಹುಲಗೋಳದ ಕಡೆ ಸರ್ವೇಯರ್ ಅಂದ್ರೆ ಬೆಟ್ಟದ ಗಡಿ ಅಳೆಯೋಕೆ ಬರೋರು. ಅವರು ಬರ್ತಾರೆ ಅಂದ ದಿನ ಪಕ್ಕದ ಮನೆಯವರು ಮಾತು ಬಿಡ್ತಾರೆ. ಸ್ಟಿಕ್ಕರಿನಲ್ಲಿ ಟೇಪು ಕೊಟ್ಟವರು ಅದನ್ನೇ ನೆನೆಸಿಕೊಂಡಿರಬೇಕು. ಬೋಟಿಗೂ ಸರ್ವೇಯರ್ ಇದ್ದಾರೆ. ಅವರ ಕೆಲಸ ಏನು ಅಂತ ಟ್ರಿಪ್ ಆದಮೇಲೆ ಕೂತು ಓದಿದೆ. (ಹೌದು, ಕಾಸ್ಟಿಂಗ್ ಅಸೈನ್‌ಮೆಂಟ್ ಬಿಟ್ಟು.)

ಬಾಡಿಗೆಗೆ ಜನ ಸಾಗಿಸುವ ಯಂತ್ರದ ಬೋಟು ನೀರಿಗಿಳಿಯೋ ಮುಂಚೆ ನೋಂದಣಿ ಆಗಬೇಕು, ಸರ್ವೆ ಆಗಬೇಕು. ಹೊಸದಾದಾಗ ಒಂದು ಸಲ, ಆಮೇಲೆ ಅವಧಿ ಮುಗಿದ ಹಾಗೆಲ್ಲ, ಅಪಘಾತವಾದರೆ ಅಥವಾ ಬೋಟಿನ ರೂಪ ಬದಲಾಯಿಸಿದರೆ ಮತ್ತೆ. ಸರ್ವೇಯರ್ ಮೊದಲು ನೋಡೋದು ನೀರೊಳಗೆ ಮುಳುಗಿರೋ ಭಾಗ. ಅದಕ್ಕೆ ಬೋಟನ್ನ ದಡಕ್ಕೆ ಎಳೆಸಬೇಕು. ಕಬ್ಬಿಣದ ಬೋಟಾದರೆ ತಗಡು ಎಷ್ಟು ಸವೆದಿದೆ ಅಂತ ಶಬ್ದದ ಅಲೆ ಕಳಿಸಿ ಅಳೆಯೋ ಉಪಕರಣ ಇದೆ. ಮರದ್ದಾದರೆ ಸುತ್ತಿಗೆಯಲ್ಲಿ ತಟ್ಟಿ ಕೇಳೋದು, ಚೂಪು ಮೊನೆಯಲ್ಲಿ ಚುಚ್ಚಿ ನೋಡೋದು. ಲಡ್ಡಾದ ಮರದ ಸದ್ದೇ ಬೇರೆ, ನಮ್ಮ ಮನೆಯ ಹಳೇ ತೊಲೆ ತಟ್ಟಿ ನೋಡಿದವರಿಗೆ ಗೊತ್ತು. ಫೈಬರ್ ಆದರೆ ಬಿರುಕು, ಪದರ ಬಿಟ್ಟಿದ್ದು.

ಆಮೇಲೆ ಎಂಜಿನ್. ಮುಂದೆ ಹೋಗೋದಷ್ಟೇ ಅಲ್ಲ, ರಿವರ್ಸ್ ಬೀಳುತ್ತಾ, ಚುಕ್ಕಾಣಿ ಪೂರ್ತಿ ತಿರುಗುತ್ತಾ. ಒಳಗೆ ಸೇರಿದ ನೀರು ಹೊರಗೆ ಹಾಕೋ ಪಂಪು ಓಡುತ್ತಾ. ಬೆಂಕಿ ನಂದಿಸೋ ಸಿಲಿಂಡರಿನ ತಾರೀಕು. ದೀಪ, ಹಾರ್ನು. ಎಸೆಯೋ ಟ್ಯೂಬು. ಲೈಫ್ ಜಾಕೆಟ್ ಎಷ್ಟಿದೆ, ಅದರಲ್ಲಿ ಮಕ್ಕಳ ಅಳತೆಯದ್ದು ಇದೆಯಾ. ಓಡಿಸೋರ ಹತ್ತಿರ ಪ್ರಮಾಣಪತ್ರ ಇದೆಯಾ.

ಇಷ್ಟೆಲ್ಲ ನೋಡಿ ಕೊನೆಗೆ ಕಾಗದದಲ್ಲಿ ಬರೆಯೋದರಲ್ಲಿ ನಮಗೆ ಬೇಕಾದ್ದು ಮೂರು ಸಾಲು. ಎಷ್ಟು ಜನ. ಯಾವ ನೀರಿನಲ್ಲಿ. ಯಾವ ದಿನದವರೆಗೆ.

(4/10)

"ಎಷ್ಟು ಜನ" ಅನ್ನೋದು ಸೀಟು ಎಣಿಸಿ ಹಾಕಿದ ಸಂಖ್ಯೆ ಅಂದ್ಕೊಂಡಿದ್ದೆ ನಾನು. ಬಸ್ಸಿನ ಹಾಗೆ, ಸೀಟಿಲ್ಲದಿದ್ರೆ ನಿಂತು ಹೋಗೋದು. ಅಲ್ಲ.

ಬೋಟನ್ನ ಬೇಕಂತಲೇ ವಾಲಿಸಿ ನೋಡ್ತಾರೆ. ಗೊತ್ತಿರೋ ತೂಕವನ್ನ ಡೆಕ್ಕಿನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸರಿಸೋದು, ಗಾರೆ ಕೆಲಸದವರ ತೂಗುಗುಂಡಿನ ಹಾಗೆ ಒಂದು ಗುಂಡು ನೇತುಹಾಕಿ ಅದು ಎಷ್ಟು ಸರಿಯಿತು ಅಂತ ಅಳೆಯೋದು. ಚಿಕ್ಕ ಬೋಟಿಗೆ ಇದೇ ಕೆಲಸ ಸರಳವಾಗಿ ಮಾಡ್ತಾರೆ. ಅದರಿಂದ ಬೋಟಿನ ಭಾರದ ಕೇಂದ್ರ ಎಷ್ಟು ಎತ್ತರದಲ್ಲಿದೆ, ವಾಲಿದ್ದು ತಾನಾಗಿ ಎದ್ದು ನಿಲ್ಲುತ್ತಾ ಅನ್ನೋದು ಸಿಗುತ್ತೆ. ಹಡಗುಗಳ ಲೆಕ್ಕದಲ್ಲಿ ಸಾಮಾನ್ಯವಾಗಿ ಒಬ್ಬ ಪ್ರಯಾಣಿಕನಿಗೆ 75 ಕೆಜಿ ಹಿಡಿಯುತ್ತಾರೆ. ಎಲ್ಲರೂ ಒಂದೇ ಪಕ್ಕಕ್ಕೆ ಓಡಿದರೆ ಎಷ್ಟು ವಾಲುತ್ತೆ ಅನ್ನೋದಕ್ಕೂ ಲೆಕ್ಕ ಇದೆ. ಅಂದ್ರೆ ನಾವು ಸೆಲ್ಫಿಗೆ ಒಂದೇ ಕಡೆ ಸೇರ್ತೀವಿ ಅನ್ನೋದು ನಿಯಮ ಬರೆದವರಿಗೆ ಮೊದಲೇ ಗೊತ್ತಿತ್ತು! ಆದ್ರೆ ಅವರು ಲೆಕ್ಕ ಹಾಕಿದ್ದು ಒಪ್ಪಿಗೆ ಕೊಟ್ಟಷ್ಟು ಜನ ಓಡಿದರೆ ಅಂತ. 20 ಅಂದ ಬೋಟಿನಲ್ಲಿ 28 ಜನ ಓಡಿದರೆ ಅಂತ ಅಲ್ಲ.

ಹೆಚ್ಚಿಗೆ ಎಂಟು ಜನ ಅಂದ್ರೆ 600 ಕೆಜಿ. ನಮ್ಮ ಭಾಷೆಯಲ್ಲಿ ಆರು ಕ್ವಿಂಟಾಲ್. ಆರು ಕ್ವಿಂಟಾಲ್ ಅಡಿಕೆ ಚೀಲ ಆದ್ರೂ ಹಾಕಿದ ಜಾಗದಲ್ಲಿ ಸುಮ್ಮನೆ ಕೂತಿರುತ್ತೆ. ನಾವು ಎದ್ದು ನಿಲ್ತೀವಿ, ಕುಣಿತೀವಿ, ಮೇಲೆ ಹತ್ತುತೀವಿ.

ಮೇಲೆ ಹತ್ತೋದು ಇನ್ನೂ ಕೆಟ್ಟದ್ದು. ದೇವಿಮನೆ ಘಟ್ಟದ ತಿರುವಿನಲ್ಲಿ ಹುಲ್ಲು ಒಟ್ಟಿದ ಲಾರಿಯ ಹಿಂದೆ ಬೈಕಿನಲ್ಲಿ ಹೋಗಿದ್ದೀರಾ? ಅಷ್ಟೇ ತೂಕದ ಜಲ್ಲಿ ತುಂಬಿದ ಲಾರಿ ನೋಡಿದ್ರೆ ಆ ಭಯ ಆಗಲ್ಲ. ಭಾರ ಎತ್ತರದಲ್ಲಿದ್ದಷ್ಟೂ ವಾಲಿದ್ದು ಎದ್ದು ನಿಲ್ಲೋದು ಕಷ್ಟ. ಕೇರಳದ ತಾನೂರಿನಲ್ಲಿ 2023ರ ಮೇ 7ರ ಸಂಜೆ 22 ಜನ ಸತ್ತರಲ್ಲ, ಅದು ಮೀನಿನ ಬೋಟನ್ನ ಟೂರಿಸ್ಟ್ ಬೋಟಾಗಿ ಮಾರ್ಪಡಿಸಿದ್ದು. ಮೀನಿನ ಬೋಟಿನಲ್ಲಿ ಭಾರ ಕೆಳಗೆ ಇರುತ್ತೆ, ಮೀನು, ಐಸು ಎಲ್ಲ ಹೊಟ್ಟೆಯೊಳಗೆ. ಅದರ ತಲೆ ಮೇಲೆ ಇನ್ನೊಂದು ಡೆಕ್ಕು ಕಟ್ಟಿ ಜನ ನಿಲ್ಲಿಸಿದರೆ ಹಳೇ ಲೆಕ್ಕ ಒಂದೂ ಉಳಿಯಲ್ಲ. ತೇಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು 45 ಜನ ಹೋದರು. ಅದೂ ಎರಡು ಅಂತಸ್ತಿನ ಬೋಟು. ದಡದಲ್ಲಿ ಕಂಡ ಪ್ರಾಣಿ ನೋಡೋಕೆ ಜನ ಒಂದೇ ಪಕ್ಕಕ್ಕೆ ಸರಿದರು ಅಂತ ಆಗ ವರದಿಯಾಗಿತ್ತು.

ನಮ್ಮ ರೀಲ್ಸಿನ 14ನೇ ಸೆಕೆಂಡು ನಿಲ್ಲಿಸಿ ನೋಡಿ. "ಬ್ರಾಹ್ಮಿಣಿ ಕೈಟ್, ಬ್ರಾಹ್ಮಿಣಿ ಕೈಟ್" ಅಂತ ಯಾರೋ ಕೂಗ್ತಾರೆ. ಎಷ್ಟು ಜನ ಎಡಗಡೆಗೆ ಹೋದ್ರು ಎಣಿಸಿ. ನಾನು ಎಣಿಸಿದೆ. ಹತ್ತೊಂಬತ್ತು.

(5/10)

ಇದು ಚಿಕ್ಕ ಭಾಗ. "ಯಾವ ನೀರಿನಲ್ಲಿ" ಅನ್ನೋ ಸಾಲು.

ಒಳನಾಡು ಹಡಗುಗಳ ಕಾಯ್ದೆ 2021ರಲ್ಲಿ ಹೊಸದಾಗಿ ಬಂತು. ಅದರ ನಿಯಮದಲ್ಲಿ ನೀರನ್ನ ಅಲೆಯ ಎತ್ತರದ ಮೇಲೆ ಮೂರು ವಲಯ ಮಾಡಿದ್ದಾರೆ: 2 ಮೀಟರ್ ಒಳಗೆ, 1.2 ಮೀಟರ್ ಒಳಗೆ, 0.6 ಮೀಟರ್ ಒಳಗೆ. ಹಿನ್ನೀರಿನ ಶಾಂತ ನೀರಿಗೆ ಅಂತ ಒಪ್ಪಿಗೆ ಪಡೆದ ಬೋಟು ಅಳಿವೆ ದಾಟಿ ಸಮುದ್ರದ ಬಾಯಿಗೆ ಹೋದ್ರೆ ಅದರ ಕಾಗದ ಅಲ್ಲಿಗೆ ಮುಗೀತು. ಮನೆ ಕಾಂಪೌಂಡಿನಲ್ಲಿ ಸೈಕಲ್ ಕಲಿತವನು ಹೈವೇಗೆ ಹೋದ ಹಾಗೆ.

"ಅಣ್ಣಾ, ಸ್ವಲ್ಪ ಸಮುದ್ರದ ಕಡೆ ಬಿಡಿ, ಡಾಲ್ಫಿನ್ ಬರುತ್ತಂತೆ." ಇದನ್ನ ಹೇಳೋದು ಬೋಟಿನವರಲ್ಲ. ನಾವು.

(6/10)

ಈಗ ಆಡಿಟಿಂಗ್ ಪೇಪರ್ ತೆಗೀರಿ. 1896ರ ಕಿಂಗ್ಸ್ಟನ್ ಕಾಟನ್ ಮಿಲ್ ಕೇಸು, ಐದು ಮಾರ್ಕಿಗೆ ಗ್ಯಾರಂಟಿ. ಆಡಿಟರ್ ಕಾವಲು ನಾಯಿ, ಬೇಟೆ ನಾಯಿ ಅಲ್ಲ. ಅನುಮಾನ ಬರೋ ಅಂಥದ್ದು ಕಣ್ಣಿಗೆ ಬಿದ್ದರೆ ಬೊಗಳಬೇಕು, ಇಲ್ಲದ್ದನ್ನ ಹುಡುಕಿ ಓಡಬೇಕಾಗಿಲ್ಲ. ಸರ್ವೇಯರ್ ಪಾಡೂ ಹೆಚ್ಚು ಕಡಿಮೆ ಅದೇ. ಅವರು ನೋಡೋದು ಒಂದು ದಿನದ ಬೋಟು. ತೊಳೆದು, ಬಣ್ಣ ಹೊಡೆದು, ಜಾಕೆಟ್ ಸಾಲಾಗಿ ಜೋಡಿಸಿಟ್ಟ ಬೋಟು. ನ್ಯಾಕ್ ಕಮಿಟಿ ಬರೋ ವಾರ ಕಾಲೇಜುಗಳು ಹೇಗಿರುತ್ತವೆ ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಬ್ಯಾಲೆನ್ಸ್ ಶೀಟು ಮಾರ್ಚ್ 31ರ ಚಿತ್ರ ಅಂತ ಕಲಿತಿದ್ದೀವಿ. ಏಪ್ರಿಲ್ 1ಕ್ಕೆ ಕ್ಯಾಶಿಯರ್ ಓಡಿಹೋದ್ರೆ ಅದರಲ್ಲಿ ಕಾಣಲ್ಲ. ಸರ್ವೆ ಕಾಗದವೂ ಆ ದಿನದ ಚಿತ್ರ. ಉಳಿದ ದಿನ ಬೋಟು ಹೇಗಿದೆ ಅಂತ ನೋಡೋರು ಯಾರು?

ಇದನ್ನೆಲ್ಲ ಮನೆಯಲ್ಲಿ ಹೇಳ್ತಾ ಇದ್ದೆ. ಅಪ್ಪ ಸೊಸೈಟಿಯ ವಾರ್ಷಿಕ ವರದಿ ಓದುತ್ತಾ ಕೂತಿದ್ದವನು ತಲೆ ಎತ್ತದೆ ಕೇಳಿದ: "ಕಾಗ್ದ ಇದ್ರೆ ಮುಳಗ್ತಿಲ್ಯ?"

ನಂಗೆ ಸಿಟ್ಟು ಬಂತು. ಯಾಕಂದ್ರೆ ನಾನು ಅಷ್ಟೊತ್ತು ಕಾಗದದ ಪರವಾಗಿ ವಾದ ಮಾಡ್ತಾ ಇದ್ದೆ. ಆದ್ರೆ ಕೇಳಿದ್ದು ಸರಿಯಾಗಿತ್ತು. ಮಳೆಗಾಲ ಮುಗಿದು ಹಳ್ಳದ ಸಂಕದ ಮೇಲೆ ಮಕ್ಕಳು ಶಾಲೆಗೆ ಹೋಗೋ ಮುಂಚೆ ಅಜ್ಜ ದೊಣ್ಣೆಯಲ್ಲಿ ಒಂದೊಂದು ಅಡಿಕೆ ದಬ್ಬೆ ತಟ್ಟಿ ನೋಡ್ತಿದ್ದ. ಪ್ರತಿ ವರ್ಷ ನೋಡ್ತಿದ್ದ. ಹಾಗಂತ ಆ ಸಂಕದ ಮೇಲೆ ಎಮ್ಮೆ ಹೊಡ್ಕೊಂಡು ಹೋಗೋಕೆ ಯಾರಿಗೂ ಬಿಡ್ತಿರಲಿಲ್ಲ. ತಟ್ಟಿ ನೋಡಿದ್ದು ಮನುಷ್ಯರಿಗೆ ಅಂತ.

(7/10)

ಆ ಕಾಗದ ಯಾರಿಗೆ ಬರೆದದ್ದು? ನಾವು ಅಂದ್ಕೊಳ್ಳೋದು ಬೋಟಿನವರಿಗೂ ಇಲಾಖೆಗೂ ನಡುವಿನ ವ್ಯವಹಾರ ಅಂತ. 2021ಕ್ಕೂ ಮುಂಚೆ ಇದ್ದ ಕಾಯ್ದೆ 1917ರದ್ದು, ಬ್ರಿಟಿಷರ ಕಾಲದ್ದು. ಅದರಲ್ಲೇ ಇತ್ತು: ಸರ್ವೆ ಸರ್ಟಿಫಿಕೇಟಿನ ಪ್ರತಿಯನ್ನ ಬೋಟಿನಲ್ಲಿ ಎದ್ದು ಕಾಣುವ ಜಾಗದಲ್ಲಿ ಹಾಕಬೇಕು. ಇಲಾಖೆಗೆ ಓದೋಕೆ ಆಗಿದ್ರೆ ಕಚೇರಿಯ ಫೈಲಿನಲ್ಲಿ ಇದ್ರೆ ಸಾಕಿತ್ತಲ್ಲ. ಎದ್ದು ಕಾಣುವ ಜಾಗದಲ್ಲಿ ಹಾಕಿ ಅಂದದ್ದು ಹತ್ತೋರು ಓದಲಿ ಅಂತ. ನೂರಕ್ಕೂ ಹೆಚ್ಚು ವರ್ಷದಿಂದ ನಮಗೆ ಅಂತ ಬರೆದ ಪತ್ರವನ್ನ ನಾವು ಒಡೆದೇ ಇಲ್ಲ.

ಇನ್ನೂ ಹಿಂದೆ ಹೋದರೆ ಇಂಗ್ಲೆಂಡಿನಲ್ಲಿ ಸ್ಯಾಮುಯೆಲ್ ಪ್ಲಿಮ್ಸಾಲ್ ಅಂತ ಒಬ್ಬ ಸಂಸದ, ಕಲ್ಲಿದ್ದಲು ವ್ಯಾಪಾರದವನು. ಅವನ ಕಾಲದಲ್ಲಿ ಹಳೇ ಹಡಗಿಗೆ ದಂಡಿಯಾಗಿ ವಿಮೆ ಮಾಡಿಸಿ, ಮೂಗಿನ ಮಟ್ಟ ಸರಕು ತುಂಬಿ ಕಳಿಸೋ ಮಾಲೀಕರಿದ್ದರು. ಬಂದ್ರೆ ಬಾಡಿಗೆ, ಮುಳುಗಿದ್ರೆ ವಿಮೆ. ಹಡಗಿನ ಆಳುಗಳದ್ದು ಯಾವ ಕಾಲಮ್ಮಿನಲ್ಲೂ ಬರಲಿಲ್ಲ. ಪ್ಲಿಮ್ಸಾಲ್ ವರ್ಷಗಟ್ಟಲೆ ಕೂಗಾಡಿ 1876ರಲ್ಲಿ ಕಾನೂನು ಮಾಡಿಸಿದ: ಹಡಗಿನ ಹೊರಮೈ ಮೇಲೆ ಒಂದು ಗುರುತು, ಅದು ನೀರಿನಲ್ಲಿ ಮುಳುಗುವಷ್ಟು ತುಂಬುವ ಹಾಗಿಲ್ಲ. ಅದಕ್ಕೆ ಇವತ್ತಿಗೂ ಅವನ ಹೆಸರೇ. ಮೊದಲಿಗೆ ಗೆರೆ ಎಲ್ಲಿ ಎಳೆಯಬೇಕು ಅನ್ನೋದನ್ನ ಮಾಲೀಕನ ಇಷ್ಟಕ್ಕೇ ಬಿಟ್ಟಿದ್ದರು ಅನ್ನೋದು ಬೇರೆ ತಮಾಷೆ. ಅದನ್ನ ಸರಿಮಾಡೋಕೆ ಮತ್ತೂ ಹತ್ತಾರು ವರ್ಷ ಹಿಡಿಯಿತು. ನನಗೆ ಹಿಡಿಸಿದ್ದು ಗುರುತು ಹೊರಗೆ ಇದೆ ಅನ್ನೋದು. ಲೆಕ್ಕದ ಪುಸ್ತಕದಲ್ಲಿಲ್ಲ, ಓದು ಬರಹ ಬಾರದ ಹಮಾಲನಿಗೂ ದಡದಿಂದಲೇ ಕಾಣುತ್ತೆ.

ನಮಗೆ ಇದು ಗೊತ್ತಿಲ್ಲದ ವಿದ್ಯೆಯೇನಲ್ಲ. ವಕಾರಿಗೆ ಅಡಿಕೆ ಒಯ್ದಾಗ ಅಪ್ಪ ಮೊದಲು ನೋಡೋದು ತಕ್ಕಡಿ ಸೊನ್ನೆಗೆ ನಿಂತಿದೆಯಾ ಅಂತ. ಆಮೇಲೆ ತೂಕ ಮತ್ತು ಅಳತೆಯವರ ಮುದ್ರೆ ಈ ವರ್ಷದ್ದಾ ಅಂತ. ಅರ್ಧ ಕೆಜಿ ವ್ಯತ್ಯಾಸಕ್ಕೆ ಊರಿಡೀ ಸುದ್ದಿ ಮಾಡ್ತೀವಿ. ಬೈಕ್ ತಗೊಳ್ಳೋವಾಗ ಇನ್ಶೂರೆನ್ಸ್ ಕೇಳ್ತೀವಿ, ಹಳೇ ಓಮ್ನಿಗೆ ಎಫ್‌ಸಿ ಎಷ್ಟು ದಿನ ಉಳಿದಿದೆ ಕೇಳ್ತೀವಿ. ಮಗಳನ್ನ ಹತ್ತಿಸೋ ಬೋಟಿಗೆ ಯಾರಾದ್ರೂ ಕೇಳಿದ್ದು ನೋಡಿದ್ದೀರಾ?

(8/10)

ಈ ಭಾಗ ಬರೆಯೋದನ್ನ ಮೂರು ದಿನ ಮುಂದೆ ಹಾಕಿದೆ.

ಟ್ರಿಪ್ಪಿನ ದುಡ್ಡು ಎತ್ತಿದ್ದು ನಾನು. ಲೆಕ್ಕ ಬರೆದಿದ್ದೂ ನಾನು. ಬೋಟಿನವರ ಹತ್ರ ರೇಟು ಮಾತಾಡಿದ್ದೂ ನಾನೇ. ಅದು ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದ್ದು ಅವರು ಏನು ಹೇಳಿದ್ರು ಅನ್ನೋದು.

ಅವರು ಮೊದಲು ಹೇಳಿದ್ದು, "ಎರಡು ಟ್ರಿಪ್ ಮಾಡುವ ತಂಗಿ, ತಲೆಗೆ ಇನ್ನೂರು." ಎರಡು ಟ್ರಿಪ್. ಅವರಾಗಿಯೇ ಹೇಳಿದ್ದು. ನಾನು ಅಂದೆ, "ಅಣ್ಣಾ, ಎಲ್ಲಾ ಒಂದೇ ಸಲ ಹತ್ತುತೀವಿ, ನೂರೈವತ್ತು ಮಾಡಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. ಪಕ್ಕದ ಬೋಟಿನವರು ನಮ್ಮ ಕಡೆ ನೋಡ್ತಾ ಇದ್ರು. ನಾನು "ಇಲ್ಲಾಂದ್ರೆ ಅವರ ಹತ್ರ ಕೇಳ್ತೀವಿ" ಅಂತ ಸೇರಿಸಿದೆ. ಬಿಸಿನೆಸ್ ಕಮ್ಯುನಿಕೇಶನ್ ಕ್ಲಾಸಿನಲ್ಲಿ ಕಲಿತದ್ದು ಕೆಲಸ ಮಾಡ್ತು. ಅವರು ಒಪ್ಪಿದರು.

ಆಮೇಲೆ ಟೈರು ಸರಿಯಿತು, ನಂಬರ್ ಕಂಡಿತು. ಕೈ ತಣ್ಣಗಾಯ್ತು. ನಾನು ಹತ್ತಲ್ಲ ಅಂದೆ. ಇನ್ನಿಬ್ಬರು ನನ್ನ ಜೊತೆ ನಿಂತರು. ಅಷ್ಟೇ ನಾನು ಮಾಡಿದ್ದು. "ಎರಡು ಟ್ರಿಪ್ ಮಾಡೋಣ, ಹೆಚ್ಚಿಗೆ ದುಡ್ಡು ಕೊಡೋಣ" ಅಂತ ಹೇಳಲಿಲ್ಲ. ದುಡ್ಡು ನನ್ನ ಪರ್ಸಿನಲ್ಲೇ ಇತ್ತು. ಎಲ್ಲರೂ ನಗ್ತಾ ಇದ್ದರು, ಹೊತ್ತಾಗಿತ್ತು, ನಂಗೆ ನಾಚಿಕೆಯಾಯ್ತು. ನನ್ನ ಜೀವ ಉಳಿಸಿಕೊಂಡು ಸುಮ್ಮನಾದೆ. ಆ ನಲವತ್ತು ನಿಮಿಷ ಕಟ್ಟೆ ಮೇಲೆ ಕೂತು ನಾನು ತಲೆ ಎಣಿಸ್ತಾ ಇದ್ದೆ. ಬೋಟು ತಿರುವಿನ ಆಚೆ ಮರೆಯಾದಾಗ ಎಣಿಸೋಕೂ ಏನೂ ಇರಲಿಲ್ಲ.

ತಲೆಗೆ 50 ರೂಪಾಯಿ, 28 ಜನ. 1,400 ರೂಪಾಯಿ ಉಳಿಯಿತು. ಬರುವಾಗ ದಾರಿಯಲ್ಲಿ ಎಲ್ಲರೂ ಗೋಬಿ ತಿಂದದ್ದು ಆ ದುಡ್ಡಿನಲ್ಲಿ. ನಾನೂ ತಿಂದೆ.

ಬೋಟಿನವರ ಹೆಸರು ಯಾಕೆ ಹಾಕಲ್ಲ ಅಂತ ಈಗ ಗೊತ್ತಾಯ್ತಲ್ಲ. ಅವರು ಸರಿಯಾದ ಮಾತು ಹೇಳಿದ್ದರು, ನಾನು ಚೌಕಾಸಿ ಮಾಡಿ ಅದನ್ನ ಕೆಡಿಸಿದೆ. ಅವರ ತಪ್ಪು ಇಲ್ಲ ಅಂತಲ್ಲ. "ಇಲ್ಲ" ಅನ್ನಬೇಕಿತ್ತು. ಆದ್ರೆ ಸರ್ವೇಯರ್ ಬರೆದ 20ನ್ನ 28 ಮಾಡಿದ್ದು ಯಾರು ಅಂತ ಕೇಳಿದ್ರೆ ಮೊದಲ ಕೈ ನನ್ನದು.

(9/10)

ಕೆಲವರು ಪರ್ಸನಲ್ ಮೆಸೇಜ್ ಮಾಡಿ ಹೇಳಿದ್ದು: "ಬಡವರು, ಸೀಸನ್ ನಾಲ್ಕು ತಿಂಗಳು, ಮಳೆಗಾಲದಲ್ಲಿ ದುಡಿಮೆ ಇಲ್ಲ, ನೀನು ರೂಲ್ಸ್ ಹೇಳಿ ಅವರ ಹೊಟ್ಟೆ ಮೇಲೆ ಹೊಡೀತೀಯ." ಇದು ನಿಜವಾದ ಪ್ರಶ್ನೆ, ಸ್ಟಿಕ್ಕರಿನ ಹಾಗೆ ಅಲ್ಲ. ಆದ್ರೆ ಯೋಚನೆ ಮಾಡಿ, ಎರಡು ಟ್ರಿಪ್ ಆಗಿದ್ರೆ ಅವರಿಗೆ ನಮ್ಮಿಂದ 6,200 ಸಿಗ್ತಿತ್ತು. ನನ್ನ ಬುದ್ಧಿವಂತಿಕೆಯಿಂದ ಸಿಕ್ಕಿದ್ದು 4,200. ಹೊಟ್ಟೆ ಮೇಲೆ ಹೊಡೆದದ್ದು ರೂಲ್ಸಾ, ನಾನಾ?

ಇನ್ನು ವಿಮೆ. 1963ರ ಸಾಗರ ವಿಮಾ ಕಾಯ್ದೆ, ಇಂಪ್ಲೈಡ್ ವಾರಂಟಿ, ನೋಟ್ಸಿನಲ್ಲಿ ಎಲ್ಲರ ಹತ್ರ ಇದೆ. ಹಡಗು ಪ್ರಯಾಣಕ್ಕೆ ಯೋಗ್ಯವಾಗಿರಬೇಕು, ಪ್ರಯಾಣ ಕಾನೂನಿಗೆ ಒಪ್ಪುವಂಥದ್ದಾಗಿರಬೇಕು. ಪಾಲಿಸಿಯಲ್ಲಿ ಬರೆಯದಿದ್ರೂ ಬರೆದ ಹಾಗೇ. 20ರ ಬೋಟಿನಲ್ಲಿ 28 ಜನ ಇದ್ದಾಗ ಏನಾದ್ರೂ ಆದ್ರೆ ವಿಮೆಯವರು ಮೊದಲು ತೆರೆಯೋದು ಅದೇ ಪುಟ. ಬೋಟು ಹೋಯ್ತು, ಸಾಲ ಉಳೀತು, ಕೇಸು ಬಂತು. ಬಡವರ ಮೇಲಿನ ಕನಿಕರ ಅಂದ್ರೆ ಇದಾ?

ಇಲಾಖೆಯನ್ನ ಬಿಟ್ಟೆ ಅಂದ್ಕೋಬೇಡಿ. ಇನ್ನೂ ಬೈಯೋದಿದೆ. ಹೊಸ ಕಾಯ್ದೆಯಲ್ಲಿ ಬೋಟುಗಳ ನೋಂದಣಿ, ಸರ್ವೆ ಎಲ್ಲ ದೇಶಕ್ಕೆಲ್ಲ ಒಂದೇ ಆನ್‌ಲೈನ್ ದಾಖಲೆಯಲ್ಲಿ ಇರಬೇಕು ಅಂತಿದೆ. ಒಳ್ಳೆಯದು. ಆದ್ರೆ ಜಾತ್ರೆಗೆ ಬಂದ ಅಜ್ಜಿ ಪೋರ್ಟಲ್ ತೆಗೆದು ನೋಡ್ತಾಳಾ? ಹತ್ತೋ ಕಟ್ಟೆಯ ಹತ್ತಿರ ಒಂದು ಬೋರ್ಡು ಬೇಕು. ಕನ್ನಡದಲ್ಲಿ, ಎಮ್ಮೆಯಷ್ಟು ದಪ್ಪ ಅಕ್ಷರದಲ್ಲಿ: ಈ ಬೋಟು, ಇಷ್ಟು ಜನ, ಈ ತಾರೀಕಿನವರೆಗೆ. ಬೋಟಿನ ಮೇಲಿನ ನಂಬರ್ ಟೈರಿನ ಹಿಂದೆ ಅಲ್ಲ, ಹತ್ತುವ ಬಾಗಿಲ ಹತ್ತಿರ. ಜಾತ್ರೆ ದಿನ, ಡಿಸೆಂಬರ್ ಕೊನೇ ವಾರ, ಸಾಲು ರಜೆಗಳಲ್ಲಿ ಒಬ್ಬರು ಕಟ್ಟೆ ಮೇಲೆ ನಿಂತು ತಲೆ ಎಣಿಸಿದ್ರೆ ಸಾಕು. ಅದಕ್ಕೆ ಎಂಜಿನಿಯರ್ ಬೇಡ, ಸಿನೆಮಾ ಟಾಕೀಸಿನ ಗೇಟ್‌ಕೀಪರ್ ಮಾಡ್ತಿದ್ದ ಕೆಲಸ ಅದು.

ಆಗಲ್ಲ ಅನ್ನಬೇಡಿ. ಸಿಗಂದೂರು ಲಾಂಚ್ ಹತ್ತಿದವರಿಗೆ ನೆನಪಿರುತ್ತೆ. ಅಂಬಾರಗೋಡ್ಲು ಕಡೆ ಸಾಲು ಎಷ್ಟೇ ಉದ್ದ ಇರಲಿ, ಬಸ್ಸು ಎಲ್ಲಿ ನಿಲ್ಲಬೇಕು, ಕಾರು ಯಾವ ಕಡೆ, ಜನ ಯಾವಾಗ ಹತ್ತಬೇಕು ಅನ್ನೋದನ್ನ ಲಾಂಚಿನವರು ಗದರಿಸಿ ಹೇಳ್ತಿದ್ರು. ನಾವು ಬೈಕೊಂಡು ಬಿಸಿಲಲ್ಲಿ ಕಾಯ್ತಿದ್ವಿ. ಶರಾವತಿ ಹಿನ್ನೀರಿನಲ್ಲಿ ಊರಿನವರು ದಶಕಗಟ್ಟಲೆ ಹಾಗೇ ಕಾದಿದ್ದಾರೆ. 2025ರ ಜುಲೈ 14ಕ್ಕೆ ಸೇತುವೆ ಆಯ್ತು, ಈಗ ಯಾರಿಗೂ ಕಾಯೋದು ಬೇಡ. ಆದ್ರೆ ಆ ಗದರಿಕೆ ಇಷ್ಟು ಬೇಗ ಮರೆತುಬಿಡಬಾರದಿತ್ತು.

(10/10)

ಎಲ್ಲ ಸರಿ ಇದ್ರೂ ಅಪಘಾತ ಆಗುತ್ತೆ ಅಂತ ಯಾರೋ ಖಂಡಿತ ಕಮೆಂಟ್ ಹಾಕ್ತೀರಿ. ಹೌದು. 2024ರ ಡಿಸೆಂಬರ್ 18ರಂದು ಮುಂಬೈಯಲ್ಲಿ ಎಲಿಫೆಂಟಾ ಗುಹೆಗೆ ಹೊರಟಿದ್ದ ನೀಲ್ ಕಮಲ್ ಫೆರ್ರಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಬಂದು ಗುದ್ದಿತು. 15 ಜನ ಸತ್ತರು. ಗುದ್ದಿದ್ದು ಫೆರ್ರಿಯ ತಪ್ಪಲ್ಲ. ಆದ್ರೆ ಫೆರ್ರಿಗೆ ಒಪ್ಪಿಗೆ ಇದ್ದದ್ದು 84 ಪ್ರಯಾಣಿಕರಿಗೆ, ಇದ್ದವರು ನೂರಕ್ಕೂ ಹೆಚ್ಚು. ಯಾರೋ ಬಂದು ಗುದ್ದಿದ ಆ ಗಳಿಗೆಯಲ್ಲಿ ಎಷ್ಟು ಜಾಕೆಟ್ ಕೈಗೆ ಸಿಗುತ್ತೆ, ಎಷ್ಟು ಜನರಿಗೆ ಹಿಡಿದುಕೊಳ್ಳೋಕೆ ಜಾಗ ಇರುತ್ತೆ ಅನ್ನೋದಕ್ಕೇ ಆ ಲೆಕ್ಕ ಇರೋದು.

ಮುಂದಿನ ಟ್ರಿಪ್ ಫೈನಲ್ ಇಯರಿನವರದ್ದು ಅಂತ ಗೊತ್ತು, ತದಡಿ ಕಡೆ ಹೋಗೋ ಪ್ಲಾನ್ ಇದೆಯಂತೆ. ನಮ್ಮ ಶಿರಸಿ ಶಂಕರಹೊಂಡದ ನೀರೇ ಅಘನಾಶಿನಿಯಾಗಿ ಅಲ್ಲಿ ಸಮುದ್ರ ಸೇರೋದು. ಅಲ್ಲಿ ದೋಣಿ ದಾಟೋ ಮಜಾ ಬೇಡ ಅಂತ ನಾನು ಹೇಳಲ್ಲ. ನಂಗೂ ಇಷ್ಟ. ಲೆಕ್ಕ ಬರೆಯೋಕೆ ಕರೆದ್ರೆ ಬರ್ತೀನಿ. ಬೋಟಿಗೆ ಅಂತ ಎತ್ತೋ ದುಡ್ಡು ಪೂರ್ತಿ ಬೋಟಿಗೇ, ಅದರಲ್ಲಿ ಚೌಕಾಸಿ ಇಲ್ಲ, ಉಳಿಸಿ ಗೋಬಿ ತಿನ್ನೋದಿಲ್ಲ. ಗೋಬಿಗೆ ಬೇರೆ ಎತ್ತೋಣ.

ಹತ್ತೋ ಮುಂಚೆ ಮೂರು ಪ್ರಶ್ನೆ ಕೇಳಿ: "ಅಣ್ಣಾ, ಎಷ್ಟು ಜನಕ್ಕೆ ಪಾಸ್ ಆಗಿದೆ? ಕಾಗದ ಎಲ್ಲಿ ಅಂಟಿಸಿದ್ದೀರಿ? ಜಾಕೆಟ್ ಎಷ್ಟಿದೆ?" ಜೋರು ಮಾಡಬೇಡಿ, ವಕಾರಿಯಲ್ಲಿ ತಕ್ಕಡಿ ನೋಡೋ ಹಾಗೆ ಸಹಜವಾಗಿ ಕೇಳಿ. ಜಾಕೆಟ್ ಬಕಲ್ ಹಾಕಿ, ಭುಜದ ಮೇಲೆ ದುಪಟ್ಟಾ ಥರ ಬಿಟ್ಕೊಂಡ್ರೆ ಅದು ನೀರಿನಲ್ಲಿ ನಿಮ್ಮನ್ನ ಬಿಟ್ಟು ಬೇರೆ ಕಡೆ ಹೋಗುತ್ತೆ.

ಕೊನೇ ಫೋಟೊ ಖಾಲಿ ಬಿಟ್ಟಿದ್ದೀನಿ. ನಿಮ್ಮ ಗ್ಯಾಲರಿಯಲ್ಲಿ ಹಳೇ ಟ್ರಿಪ್ಪಿನ ಬೋಟಿನ ಫೋಟೊ ಇದ್ರೆ ಕಳಿಸಿ, ಪಕ್ಕದಲ್ಲಿ ಬರೆದ ನಂಬರ್ ಎಷ್ಟು, ಹತ್ತಿದವರು ಎಷ್ಟು ಅಂತ ಎರಡು ಸಂಖ್ಯೆ ಬರೆದು ಕಳಿಸಿ. ಇದ್ದಿದ್ದು ಇದ್ದ ಹಾಗೆ ಸ್ಟೋರಿ ಹಾಕ್ತೀನಿ. ಜಾಗದ ಹೆಸರು ಬೇಡ, ಯಾರ ಮುಖವೂ ಬೇಡ. ಮೊದಲನೇದು ನನ್ನದೇ: 20, 28.

#ಬೋಟ್_ಹತ್ತೋ_ಮುಂಚೆ #ಎಷ್ಟು_ಜನ #ಸರ್ವೇಯರ್_ಮೇಡಂ